ಟ್ರಿಗರ್ ಬಿಟ್ಟ ಮೇಲಿನ ಓಟ ನೋಡಿ

ಅಲೆ ಸವಾರಿಗೆ ಮೋಟಾರ್ ಇರುವ ಫಾಯಿಲ್ ಬೋರ್ಡ್ ಕೊಳ್ಳಲು ಹೊರಟವರು ಮೊದಲು ಕೇಳುವುದು, "ಎಷ್ಟು ಸ್ಪೀಡ್ ಹೋಗುತ್ತೆ ಸರ್?" ಸಣ್ಣ ಅಲೆಗಳ ಕಡಲಿನಲ್ಲಿ ಆ ಲೆಕ್ಕ ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಅಲೆ ಹಿಡಿಯಲು ಮೋಟಾರ್‌ಗೆ ಇರುವುದು ಕೆಲವೇ ಸೆಕೆಂಡುಗಳ ಕೆಲಸ, ಆಮೇಲೆ ಅಲೆಯೇ ಒಯ್ಯುತ್ತದೆ. ಕೆಟ್ಟು ನಿಂತ ಜೀಪನ್ನು ತಳ್ಳುವವರು ಸ್ಟಾರ್ಟ್ ಆದ ತಕ್ಷಣ ಕೈ ಬಿಡುತ್ತಾರೆ, ಅಲ್ವಾ? ಇದೂ ಹಾಗೆಯೇ. ಅದಕ್ಕೇ ಟೆಸ್ಟ್ ಮಾಡುವಾಗ ನಾನು ಜಾಸ್ತಿ ಗಮನಿಸುವುದು ಕೈಯಲ್ಲಿ ಹಿಡಿದ ರಿಮೋಟಿನ ಟ್ರಿಗರ್ ಬಿಟ್ಟ ಮೇಲಿನ ಓಟವನ್ನು.

ಬೋರ್ಡ್ ಅಡಿಯಲ್ಲಿ ಕಂಬದಂಥ ಒಂದು ಮಾಸ್ಟ್, ಅದರ ತುದಿಯಲ್ಲಿ ರೆಕ್ಕೆ. ಇದೇ ಫಾಯಿಲ್. ವೇಗ ಸಿಕ್ಕರೆ ರೆಕ್ಕೆ ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ಸವಾರ, ಸಾಮಾನು ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳಿ. 1200 ಚದರ ಸೆಂ.ಮೀ. ರೆಕ್ಕೆ ಏಳಲು ಗಂಟೆಗೆ ಸುಮಾರು 15 ಕಿ.ಮೀ. ವೇಗ ಬೇಕು. 1600ರ ರೆಕ್ಕೆಗೆ 13 ಸಾಕು. ಇನ್ನು ಅಲೆಯ ವೇಗ. ದಡದ ಹತ್ತಿರ ಅದು ಆಳವನ್ನು ನಂಬಿಕೊಂಡಿದೆ. 2 ಮೀಟರ್ ಆಳದಲ್ಲಿ ಸುಮಾರು 16 ಕಿ.ಮೀ., 1 ಮೀಟರ್‌ನಲ್ಲಿ 11. ಮಾಸ್ಟ್ ಉದ್ದ ಸಾಮಾನ್ಯವಾಗಿ 75-85 ಸೆಂ.ಮೀ. ಇರುವುದರಿಂದ 1 ಮೀಟರ್ ಆಳಕ್ಕೆ ಬರುವ ಹೊತ್ತಿಗೆ ರೆಕ್ಕೆ ಮರಳಿಗೆ ತಾಗುವ ಭಯ. ಅಲೆ ಇನ್ನೂ ಒಡೆಯದ ಆಚೆಯ ನೀರಿನಲ್ಲೇ ಏಳಬೇಕು. ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲಿ ಮಳೆಗಾಲ ಕಳೆದು ಮೊಣಕಾಲೆತ್ತರದ ಅಲೆ ಬರುವ ದಿನಗಳಲ್ಲಿ ಬರೀ ಕೈಯಲ್ಲಿ ನೀರು ತಳ್ಳಿ ಆ ವೇಗ ಮುಟ್ಟುವುದು ಕಷ್ಟ. ಮೋಟಾರ್ ಬೇಕಾಗುವುದು ಆಗ.

ಟೆಸ್ಟ್ ಶುರು ಮಾಡುವುದು ಮೋಟಾರ್ ಬಿಚ್ಚಿಟ್ಟು. ಅದೇ ರೆಕ್ಕೆ, ಅದೇ ಬೋರ್ಡ್, ಯಾರಾದರೂ ಎಳೆದು ಬಿಟ್ಟರೂ ಸರಿ, ಓಟ ಹೇಗಿದೆ ನೋಡಿಕೊಳ್ಳಿ. ಆಮೇಲೆ ಮೋಟಾರ್ ಕಟ್ಟಿ. ಓಟ ಭಾರ ಅನ್ನಿಸಿದರೆ ಮೋಟಾರನ್ನು ಮಾಸ್ಟ್ ಮೇಲೆ ಎರಡು ಮೂರು ಸೆಂ.ಮೀ. ಏರಿಸಿ ನೋಡಿ. ಮೇಲಿದ್ದಷ್ಟೂ ಬೋರ್ಡ್ ಎದ್ದಾಗ ಮೋಟಾರ್ ನೀರಿನಿಂದ ಬೇಗ ಹೊರಬರುತ್ತದೆ, ಎಳೆತ ತಪ್ಪುತ್ತದೆ. ಆದರೆ ಗಾಳಿ ಎದ್ದು ನೀರು ಕಲಕಿದ ದಿನ ಪ್ರೊಪೆಲರ್ ಗಾಳಿ ಹೀರಿ ಸುಮ್ನೆ ಸುತ್ತುತ್ತದೆ. ಇನ್ನೊಂದು ವಿಷಯ. ಮೋಟಾರ್ ತಳ್ಳುವುದು ರೆಕ್ಕೆಗಿಂತ ಮೇಲಿನಿಂದ. ಹಾಗಾಗಿ ತಳ್ಳುವಷ್ಟು ಹೊತ್ತು ಬೋರ್ಡಿನ ಮೂತಿ ಕೆಳಗೆ ಒತ್ತುತ್ತದೆ. ಟ್ರಿಗರ್ ಬಿಟ್ಟ ಕ್ಷಣ ಆ ಒತ್ತಡ ಹೋಗಿ ಮೂತಿ ಎಗರುತ್ತದೆ. ಹೊಸಬರು ಹೆಚ್ಚಾಗಿ ಬೀಳುವುದು ಇಲ್ಲೇ. ಟ್ರಿಗರನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಸಡಿಲಿಸಿ, ಮುಂಗಾಲಿಗೆ ಭಾರ ಹಾಕಿ.

ಮೋಟಾರ್ ನಿಂತಾಗ ಮಡಚಿಕೊಳ್ಳುವ ಪ್ರೊಪೆಲರ್ ಆದರೆ ಬ್ಯಾಟರಿ ತೆಗೆದು ಅದರ ಎಲೆಗಳನ್ನು (ಬ್ಲೇಡ್) ಬೆರಳಲ್ಲಿ ಆಡಿಸಿ ನೋಡಿ. ಎರಡೂ ಸಡಿಲವಾಗಿ ಹಿಂದಕ್ಕೆ ಬೀಳಬೇಕು. ಕೀಲಿನಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಒಂದು ಎಲೆ ಅರ್ಧ ತೆರೆದೇ ಉಳಿಯುತ್ತದೆ. ಅಲೆಯ ಮೇಲೆ ಹೋಗುವಾಗ ಅಂಗಾಲಿಗೆ ಸಣ್ಣ ನಡುಕ ತಿಳಿಯುತ್ತದೆ. ಅಳಿವೆ ಹತ್ತಿರ ಹರಿದ ಬಲೆಯ ನೂಲೂ ಹೀಗೆಯೇ ಸುತ್ತಿಕೊಳ್ಳುತ್ತದೆ.

ಬ್ಯಾಟರಿ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಏಳುವಾಗ 2000 ವಾಟ್‌ನಂತೆ 8 ಸೆಕೆಂಡು ಓಡಿಸಿದರೆ ಖರ್ಚು ನಾಲ್ಕೂವರೆ ವಾಟ್-ಅವರ್ ಕೂಡ ಇಲ್ಲ. ಅದೇ ಅಲೆ ಮುಗಿದ ಮೇಲೆ 1000 ವಾಟ್‌ನಲ್ಲಿ ಎರಡು ನಿಮಿಷ ವಾಪಸ್ ಹೋದರೆ 33. ಬ್ಯಾಟರಿ ತಿನ್ನುವುದು ವಾಪಸ್ ದಾರಿ! 300 ವಾಟ್-ಅವರ್ ಬ್ಯಾಟರಿಯಲ್ಲಿ ದಡ ಸೇರಲು ಐದರಲ್ಲೊಂದು ಪಾಲು ಉಳಿಸಿಕೊಂಡರೆ ಸಿಗುವುದು ಆರೇಳು ಅಲೆ. ಕಾಲಲ್ಲಿ ಬೋರ್ಡನ್ನು ಒತ್ತಿ ಎತ್ತಿ ಪಂಪ್ ಮಾಡುತ್ತಾ ಅರ್ಧ ದಾರಿ ಹೋಗಬಲ್ಲವರಿಗೆ ಅದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ದೊಡ್ಡ ಬ್ಯಾಟರಿ ಎಂದರೆ ಹೆಚ್ಚಿನ ತೂಕ. ಸಣ್ಣ ಅಲೆಯಲ್ಲಿ ಆ ತೂಕ ಗೊತ್ತಾಗದೇ ಇರದು.

ರಿಮೋಟ್ ಪರೀಕ್ಷೆ ಬಿಡಲೇಬೇಡಿ. ರೇಡಿಯೋ ಸಿಗ್ನಲ್ ಉಪ್ಪುನೀರಿನಲ್ಲಿ ಹೆಚ್ಚು ದೂರ ಹೋಗದು. ಬೋರ್ಡ್ ಮೇಲೆ ಮಲಗಿ ನಿಧಾನ ಓಡಿಸುತ್ತಾ, ಟ್ರಿಗರ್ ಒತ್ತಿದ ಕೈಯನ್ನೇ ನೀರಿಗೆ ಅದ್ದಿ. ಮೋಟಾರ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ಬೋರ್ಡ್ ವಾಪಸ್ ಕೊಡಿ. ಹೆಲ್ಮೆಟ್ ಹಾಕಿಕೊಳ್ಳಿ ಎಂದು ಬೇರೆ ಹೇಳಬೇಕಿಲ್ಲ.

ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಸ್ಕ್ರೂ ಬಿಚ್ಚಿಡಿ. ಕಾರ್ಬನ್ ಮಾಸ್ಟ್‌ಗೆ ಅಲ್ಯೂಮಿನಿಯಂ ತಾಗಿಕೊಂಡು ಉಪ್ಪುನೀರಿನಲ್ಲಿ ಇದ್ದರೆ ಅಲ್ಯೂಮಿನಿಯಂ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಜೋಡಣೆಗೆ ಗ್ರೀಸ್ ಸವರಿ.

ದುಬೈಯಿಂದ ಬರುವ ಅಣ್ಣನ ಸೂಟ್‌ಕೇಸಿನಲ್ಲಿ ಬ್ಯಾಟರಿ ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. 160 ವಾಟ್-ಅವರ್ ಮೀರಿದ ಬಿಡಿ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ. ಬ್ಯಾಟರಿ ಹೇಗೆ ತಲುಪುತ್ತದೆ ಎಂದು ಮೊದಲು ವಿಚಾರಿಸಿ, ಆಮೇಲೆ ಬೋರ್ಡಿಗೆ ದುಡ್ಡು ಕೊಡಿ.