ಶಾರ್ಕ್‌ಗೆ ದನಿಯೇ ಇಲ್ಲ, ಆದ್ರೂ ಅದು ಬರೋದು ಕೇಳ್ಸುತ್ತೆ

ಪ್ರಾಣಿಗಳು ಅಟ್ಯಾಕ್ ಮಾಡೋ ಹಾರರ್ ಸಿನಿಮಾ ನೋಡುವಾಗ ಭಯ ಜಾಸ್ತಿ ಆದ್ರೆ ನಾವು ಕಣ್ಣು ಮುಚ್ಕೋತೀವಿ, ಆದ್ರೆ ಭಯ ಏನೂ ಕಮ್ಮಿ ಆಗಲ್ಲ. ಒಂದ್ಸಲ ಕಣ್ಣು ಬಿಟ್ಕೊಂಡು ಸೌಂಡ್ ಮ್ಯೂಟ್ ಮಾಡಿ ನೋಡಿ. 1975ರ ಶಾರ್ಕ್ ಸಿನಿಮಾ 'ಜಾಸ್'ನ ಮೊದಲ ಅಟ್ಯಾಕ್ ಸೀನ್‌ನ ನಾನು ಹಂಗೇ ನೋಡ್ದೆ. ನಸುಗತ್ತಲಲ್ಲಿ ಒಬ್ಬಳು ಈಜ್ತಿದಾಳೆ, ಯಾರೋ ಕೆಳಗಿಂದ ಕಾಲು ಜಗ್ಗಿದಂಗೆ ಒಂದ್ಸಲ ಮುಳುಗಿ ಏಳ್ತಾಳೆ, ಆಮೇಲೆ ನೀರಲ್ಲಿ ಆ ಕಡೆಯಿಂದ ಈ ಕಡೆಗೆ ಸರ್ರಂತ ಎಳೆದಾಟ. ಶಾರ್ಕ್ ಎಲ್ಲೂ ಇಲ್ಲ. ಶೂಟಿಂಗ್‌ನಲ್ಲಿ ನಿಜವಾಗ್ಲೂ ಆಕೆಗೆ ಹಗ್ಗ ಕಟ್ಟಿ ಎಳೆದಿದ್ರು, ಸೌಂಡ್ ಇಲ್ದೆ ನೋಡಿದ್ರೆ ಅದು ಹಗ್ಗದ ಎಳೆತ ಅಂತಾನೇ ಅನ್ಸುತ್ತೆ.

ಶಾರ್ಕ್‌ನ ತೋರಿಸದೆ ಇದ್ದಿದ್ದು ಅರ್ಧ ಅನಿವಾರ್ಯ, ಯಾಕಂದ್ರೆ ಅವರು ಮಾಡಿಸಿದ್ದ ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿಸಿದ್ರೆ ಸಾಕು ಕೆಟ್ಟು ಕೂರ್ತಿತ್ತು, ಹಂಗಾಗಿ ಡೈರೆಕ್ಟರ್ ಸ್ಪೀಲ್‌ಬರ್ಗ್ ಅದಿಲ್ದೇನೇ ಅದು ಇದೆ ಅನ್ನೋ ಥರ ಸೀನ್ ಕಟ್ಟಬೇಕಾಯ್ತು. ಆ ಖಾಲಿ ಜಾಗ ತುಂಬಿಸಿದ್ದು ಮ್ಯೂಸಿಕ್ ಮಾಡಿದ ಜಾನ್ ವಿಲಿಯಮ್ಸ್. ಪಕ್ಕಪಕ್ಕದ ಎರಡೇ ಸ್ವರ, ಮೊದಲು ನಿಧಾನಕ್ಕೆ, ಆಮೇಲೆ ಹತ್ತಿರ ಬಂದಂಗೆಲ್ಲ ಜೋರಾಗಿ, ಬೇಗ ಬೇಗ. ಇಬ್ಬರು ಹುಡುಗ್ರು ರಟ್ಟಿನ ಶಾರ್ಕ್ ರೆಕ್ಕೆ ಇಟ್ಕೊಂಡು ಜನರನ್ನ ಹೆದರಿಸೋ ಸೀನ್ ಇದೆಯಲ್ಲ, ಅಲ್ಲಿ ಆ ಮ್ಯೂಸಿಕ್ ಬರೋದೇ ಇಲ್ಲ. ಕಣ್ಣಿಗೆ ಕಾಣೋ ರೆಕ್ಕೆ ಸುಳ್ಳು, ಕಿವಿಗೆ ಕೇಳೋದೇ ಸತ್ಯ ಅಂತ ಸಿನಿಮಾ ನಮಗೆ ಅಭ್ಯಾಸ ಮಾಡಿಸಿಬಿಡುತ್ತೆ.

ಸದ್ದು ಕೇಳಿ ಭಯ ಆಗೋದಕ್ಕೆ ಜೀವವಿಜ್ಞಾನದಲ್ಲೂ ಒಂದು ಬೇರು ಇದೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಡೇನಿಯಲ್ ಬ್ಲಮ್‌ಸ್ಟೀನ್ ಅನ್ನೋ ವಿಜ್ಞಾನಿ ಮಾರ್ಮಟ್ ಅನ್ನೋ ಅಳಿಲಿನ ಕುಟುಂಬದ ಪ್ರಾಣಿಗಳನ್ನ ವರ್ಷಗಟ್ಟಲೆ ಸ್ಟಡಿ ಮಾಡಿದವರು. ಅವುಗಳ ಮರಿಗಳನ್ನ ಯಾರಾದ್ರೂ ಹಿಡಿದಾಗ ಆ ಮರಿಗಳು ಕೆಲವು ಸಲ ಕಿರುಚುತ್ತವೆ, ಆ ಕಿರುಚಾಟದಲ್ಲಿ ದನಿ ಒಡೆಯುತ್ತೆ. ಗಂಟಲಿನ ತಂತುಗಳ ಮೇಲೆ ಅವು ತಡ್ಕೊಳ್ಳೋದಕ್ಕಿಂತ ಜಾಸ್ತಿ ಒತ್ತಡದಲ್ಲಿ ಗಾಳಿ ನುಗ್ಗಿದ್ರೆ ಕಂಪನ ಲಯ ತಪ್ಪುತ್ತೆ, ವಾಲ್ಯೂಮ್ ಪೂರ್ತಿ ಕೊಟ್ಟಾಗ ಸ್ಪೀಕರ್ ಗರ್ ಅನ್ನುತ್ತಲ್ಲ ಹಂಗೆ. ಶಾಂತವಾಗಿದ್ದುಕೊಂಡು ಕೃತಕವಾಗಿ ಆ ದನಿ ಹೊರಡಿಸೋದು ಕಷ್ಟ, ಅದಕ್ಕೇ ಕೇಳಿದವರು ನಂಬ್ತಾರೆ. 2010ರಲ್ಲಿ ಅವರ ತಂಡ ನೂರಕ್ಕೂ ಹೆಚ್ಚು ಸಿನಿಮಾಗಳ ಸೌಂಡ್‌ಟ್ರ್ಯಾಕ್ ಪರೀಕ್ಷೆ ಮಾಡಿ ನೋಡಿದ್ರೆ ಹಾರರ್ ಸಿನಿಮಾಗಳಲ್ಲಿ ಇಂಥ ಒಡಕು ಕಿರುಚಾಟ ನಿರೀಕ್ಷೆಗಿಂತ ಜಾಸ್ತಿ ಇತ್ತು. 2015ರ ಇನ್ನೊಂದು ಅಧ್ಯಯನದಲ್ಲಿ ಮನುಷ್ಯರ ಕಿರುಚಾಟದ ದನಿ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತೆ, ಮಾಮೂಲಿ ಮಾತಿನ ಏರಿಳಿತ ಇದಕ್ಕಿಂತ ತುಂಬಾ ನಿಧಾನ, ಈ ಒರಟುತನ ಹೆಚ್ಚಾದಂಗೆ ಮಿದುಳಿನಲ್ಲಿ ಭಯ ನೋಡ್ಕೊಳ್ಳೋ ಅಮಿಗ್ಡಲಾ ಜಾಸ್ತಿ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತು.

ಆದ್ರೆ ನಿಜವಾದ ಬೇಟೆಗಾರ ಪ್ರಾಣಿ ಹೊಂಚು ಹಾಕುವಾಗ ಸಾಮಾನ್ಯವಾಗಿ ಸದ್ದೇ ಮಾಡಲ್ಲ. ಶಾರ್ಕ್‌ಗೆ ಧ್ವನಿಪೆಟ್ಟಿಗೆ ಇಲ್ಲ. ಹೊಂಚು ಹಾಕೋ ಸಿಂಹ ಗರ್ಜಿಸಲ್ಲ. 1997ರ 'ಅನಕೊಂಡ'ದಲ್ಲಿ ಹಾವು ಕಿರುಚುತ್ತೆ, ನಿಜವಾದ ಅನಕೊಂಡ ಬುಸ್ ಅಂದ್ರೆ ಹೆಚ್ಚು. ಸಿನಿಮಾದವರು ಬೇಟೆಯ ಗಂಟಲಿಂದ ಬರಬೇಕಾದ ದನಿನ ಬೇಟೆಗಾರನ ಬಾಯಿಗೆ ಹಾಕಿದಾರೆ, ಭಯ ಅಂತೂ ಆಗುತ್ತೆ ಆದ್ರೆ ಪಾಪ ಆ ಪ್ರಾಣಿ ಏನು ಅನ್ನೋದು ನಮಗೆ ತಪ್ಪಾಗಿ ಗೊತ್ತಾಗುತ್ತೆ, ಇದು ನನಗೆ ನಿಜಕ್ಕೂ ಬೇಜಾರು.

ಅದಕ್ಕೇ ಹಕ್ಕಿಗಳು ಜನರ ಮೇಲೆ ಅಟ್ಯಾಕ್ ಮಾಡೋ 1963ರ 'ದಿ ಬರ್ಡ್ಸ್' ಸಿನಿಮಾ ಮೇಲೆ ನನಗೆ ಗೌರವ. ಡೈರೆಕ್ಟರ್ ಹಿಚ್‌ಕಾಕ್ ಅದಕ್ಕೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೇ ಹಾಕಿಸಲಿಲ್ಲ, ಹಕ್ಕಿಗಳ ಸದ್ದಿಗೆ ಟ್ರೌಟೋನಿಯಂ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಬಳಸಿದ್ರು. ಆದ್ರೆ ಸ್ಕೂಲಿನ ಸೀನ್‌ನಲ್ಲಿ ಅದೂ ಇಲ್ಲ. ಒಳಗೆ ಮಕ್ಕಳು ಹಾಡ್ತಿದಾರೆ, ಹೊರಗೆ ಬೆಂಚ್ ಮೇಲೆ ಕೂತ ನಾಯಕಿಯ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡೋ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತೆ, ಆಮೇಲೆ ಇನ್ನೊಂದು, ಮತ್ತೊಂದು, ಆಕೆ ತಿರುಗಿ ನೋಡೋ ಹೊತ್ತಿಗೆ ಕಂಬಿಯೆಲ್ಲ ಕಪ್ಪು. ಅಷ್ಟು ಕಾಗೆಗಳು ಬಂದು ಕೂರೋವರೆಗೂ ಒಂದೂ ಕಾ ಅಂದಿರಲ್ಲ.