ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟರೂ ಹೋಗದ ಹಕ್ಕು

ಮದುವೆಯಿಲ್ಲದೆ ಹುಟ್ಟಿದ ಮಗುವಿನ ವಿಚಾರ ವಕೀಲರ ಹತ್ತಿರ ಬರುವ ಹೊತ್ತಿಗೆ ಸಾಮಾನ್ಯವಾಗಿ ಒಂದು ಕಾಗದ ಆಗಲೇ ತಯಾರಾಗಿರುತ್ತದೆ. ಊರಿನ ನಾಲ್ಕು ಜನ ಹಿರಿಯರು ಕೂತು ಮಾತಾಡಿ, ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸ್ಟಾಂಪ್ ಪೇಪರಿನ ಮೇಲೆ ಬರೆಸಿ, ನೋಟರಿ ಮೊಹರು ಹಾಕಿಸಿರುತ್ತಾರೆ. ಒಕ್ಕಣೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹುಡುಗನಿಂದ ಹುಡುಗಿಗೆ ಮಗು ಹುಟ್ಟಿದೆ. ಮಗುವಿನ ಬಾಬ್ತು ಇಷ್ಟು ಹಣ ಒಂದೇ ಗಂಟಿನಲ್ಲಿ ಸಂದಾಯವಾಗಿದೆ. ನಮ್ಮಿಬ್ಬರ ನಡುವೆ ಯಾವ ಮದುವೆಯೂ ಆಗಿಲ್ಲ. ಇನ್ನು ಮುಂದೆ ತಾಯಿಗಾಗಲಿ ಮಗುವಿಗಾಗಲಿ ಯಾವ ಹಕ್ಕೂ ಇರುವುದಿಲ್ಲ.

ಇದರ ಮೇಲೆ ಎರಡೂ ಕಡೆಯವರಿಗೆ ಇರುವ ನಂಬಿಕೆ ನೋಡಿದರೆ ಬೇಸರವಾಗುತ್ತದೆ. ಹುಡುಗನ ಮನೆಯವರು ಪೀಡೆ ಕಳೆಯಿತು ಅಂದುಕೊಳ್ಳುತ್ತಾರೆ. ಹುಡುಗಿ ಸಹಿ ಹಾಕಿದ ತಪ್ಪಿಗೆ ಬಾಯಿ ಮುಚ್ಚಿಕೊಂಡು ಕೂಲಿ ಮಾಡಿ ಮಗು ಸಾಕುತ್ತಾಳೆ. ಇಬ್ಬರದೂ ತಪ್ಪು ತಿಳಿವಳಿಕೆ.

ಜೀವನಾಂಶ ಮಗುವಿನದು, ತಾಯಿಯದಲ್ಲ. ತನ್ನದಲ್ಲದ್ದನ್ನು ಆಕೆ ಬಿಟ್ಟುಕೊಡಲು ಬರುವುದಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಔರಸವೋ (ಕಾನೂನು ಒಪ್ಪುವ ಮದುವೆಯಲ್ಲಿ ಹುಟ್ಟಿದ್ದು) ಅನೌರಸವೋ (ಹಾಗೆ ಹುಟ್ಟದ್ದು), ತನ್ನನ್ನು ತಾನು ನೋಡಿಕೊಳ್ಳಲಾಗದ ಮಗುವಿಗೆ ಶಕ್ತಿಯಿರುವ ತಂದೆ ಕೊಡಲೇಬೇಕು. ಧರ್ಮ ಯಾವುದೇ ಇರಲಿ. ಹಿಂದೂಗಳಾದರೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮೂ ಇದನ್ನೇ ಹೇಳುತ್ತದೆ. ಕಾಯ್ದೆ ಕೊಟ್ಟ ಇಂಥ ಹಕ್ಕನ್ನು ತೊಡೆದುಹಾಕುವ ಕರಾರು ಸಾರ್ವಜನಿಕ ನೀತಿಗೆ ವಿರುದ್ಧವಾದದ್ದು. ನೋಟರಿ ಮೊಹರು ಬಿದ್ದ ಮಾತ್ರಕ್ಕೆ ಅದಕ್ಕೆ ಬಲ ಬರುವುದಿಲ್ಲ, ಸಾಕ್ಷಿ ಹಾಕಿದವರು ಗ್ರಾಮ ಪಂಚಾಯ್ತಿ ಅಧ್ಯಕ್ಷರೇ ಆಗಿದ್ದರೂ. ನಿಜವಾಗಿ ಸಂದಾಯವಾದ ಹಣವನ್ನು ನ್ಯಾಯಾಧೀಶರು ಮೊತ್ತ ನಿಗದಿ ಮಾಡುವಾಗ ಲೆಕ್ಕಕ್ಕೆ ಹಿಡಿಯಬಹುದು. ಅಷ್ಟು ಮಾತ್ರ.

ಇನ್ನೊಂದು ಸಂಗತಿ ಹುಡುಗನ ಕಡೆಯವರಿಗೆ ಹೊಳೆಯುವುದೇ ಇಲ್ಲ. ‘ನನ್ನಿಂದ ಹುಟ್ಟಿದ ಮಗುವಿನ ಬಾಬ್ತು’ ಎಂದು ಬರೆದು ಕೆಳಗೆ ಸಹಿ ಹಾಕಿದವನು ಪಿತೃತ್ವವನ್ನು ತಾನೇ ಲಿಖಿತವಾಗಿ ಒಪ್ಪಿಕೊಂಡ ಹಾಗಾಯಿತು. ತಾಯಿಯ ಕೈಯಲ್ಲಿ ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಆದ್ದರಿಂದ ಅಂಥ ಕಾಗದವನ್ನು ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಮೂಲಪ್ರತಿಯೇ ನಿಮ್ಮ ಹತ್ತಿರ ಇರಲಿ.

ಹಾಗಂತ ಆ ಕಾಗದದಿಂದ ಕೇಡಿಲ್ಲ ಎಂದೂ ಹೇಳಲಾರೆ. ಕೇಡು ಇರುವುದು ಯಾರೂ ಗಮನಿಸದ ‘ಮದುವೆಯೇ ಆಗಿಲ್ಲ’ ಎಂಬ ಸಾಲಿನಲ್ಲಿ. ಹಿಂದೂ ವಿವಾಹ ಕಾಯ್ದೆಯ 16ನೇ ಕಲಮಿನ ಪ್ರಕಾರ, ಮೊದಲ ಹೆಂಡತಿ ಇರುವಾಗಲೇ ಶಾಸ್ತ್ರೋಕ್ತವಾಗಿ ಇನ್ನೊಂದು ಮದುವೆಯಾದರೆ ಅದು ಅಸಿಂಧುವಾದರೂ, ಎಂದರೆ ಕಾನೂನಿನಲ್ಲಿ ನಿಲ್ಲದಿದ್ದರೂ, ಅದರಲ್ಲಿ ಹುಟ್ಟಿದ ಮಕ್ಕಳು ಔರಸರೇ. ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು ಇನ್ನೂ ಮುಂದೆ ಹೋಯಿತು: ಅವಿಭಕ್ತ ಆಸ್ತಿಯಲ್ಲಿ ತಂದೆಯ ಭಾಗಕ್ಕೆ ಬರುವಷ್ಟರಲ್ಲಿ ಇಂಥ ಮಕ್ಕಳಿಗೂ ಪಾಲುಂಟು. ಮದುವೆಯೇ ನಡೆಯದೆ ಹುಟ್ಟಿದ ಮಗುವಿಗೆ ಈ ರಕ್ಷೆ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಅಂಥ ಮಗುವನ್ನು ತಾಯಿಯ ಸಂಬಂಧಿ ಎಂದು ಮಾತ್ರ ಎಣಿಸುತ್ತದೆ; ತಂದೆ ವಿಲ್ ಅಥವಾ ದಾನಪತ್ರ ಬರೆದಿಟ್ಟರಷ್ಟೇ ಅವನ ಆಸ್ತಿ ಅದಕ್ಕೆ ಬರುತ್ತದೆ. ಹೀಗಿರುವಾಗ, ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡ ಹೆಣ್ಣುಮಗಳು ಮದುವೆಯೇ ಆಗಿಲ್ಲವೆಂದು ಸಹಿ ಹಾಕಿದರೆ ಮಗುವಿನ ಪಾಲಿಗೆ ತಾನೇ ಕಲ್ಲು ಹಾಕಿದಂತೆ. ಆ ಸಹಿಯೇ ಕೊನೆಯ ಮಾತಲ್ಲ, ಬೇರೆ ಪುರಾವೆಯಿಂದ ಅಲ್ಲಗಳೆಯಬಹುದು. ಆದರೆ ಪಾಟೀಸವಾಲಿನಲ್ಲಿ ಅದನ್ನು ಹೊತ್ತು ನಿಲ್ಲುವುದು ಬಹಳ ಕಷ್ಟ.

‘ಡಿಎನ್‌ಎ ಮಾಡಿಸಿಬಿಡಿ ಸಾರ್’ ಎನ್ನುವವರಿಗೂ ಒಂದು ಮಾತು. ಕೇಳಿದ ಕೂಡಲೇ ನ್ಯಾಯಾಲಯ ಪರೀಕ್ಷೆಗೆ ಆದೇಶ ಕೊಡುವುದಿಲ್ಲ. ಮೊದಲು ಸಂಬಂಧವಿತ್ತೆಂದು ಮೇಲ್ನೋಟಕ್ಕಾದರೂ ತೋರಿಸಬೇಕು. ತಾಯಿ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಬಾಡಿಗೆ ಕರಾರು, ಅವನು ಹಣ ಹಾಕಿದ ಬ್ಯಾಂಕ್ ಪಟ್ಟಿ, ವಾಟ್ಸ್ಆ್ಯಪ್ ಸಂದೇಶ, ಎಲ್ಲವೂ ಬೇಕು. ಸಂದೇಶಗಳ ಸ್ಕ್ರೀನ್‌ಶಾಟ್ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಹಾಗಾಗಿ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಆದೇಶವಾದ ಮೇಲೂ ಅವನು ರಕ್ತ ಕೊಡಲು ಒಪ್ಪದಿದ್ದರೆ ನ್ಯಾಯಾಲಯ ಅದನ್ನು ಅವನ ವಿರುದ್ಧವೇ ಎಣಿಸಬಹುದು. ಗುಟ್ಟಾಗಿ ಕೂದಲು, ಉಗುರು ಕಳಿಸಿ ಖಾಸಗಿ ಲ್ಯಾಬಿನಲ್ಲಿ ಮಾಡಿಸಿದ ವರದಿ ಹೆಚ್ಚಿನ ಕೆಲಸಕ್ಕೆ ಬರುವುದಿಲ್ಲ, ಮಾದರಿ ಯಾರದೆಂದು ರುಜುವಾತಾಗುವುದಿಲ್ಲ.

ಮಗು ಹುಟ್ಟುವಾಗ ತಾಯಿ ಬೇರೊಬ್ಬನ ಹೆಂಡತಿಯಾಗಿದ್ದರೆ ದಾರಿಯೇ ಬೇರೆ. ಅದೇ ಅಧಿನಿಯಮದ 116ನೇ ಕಲಮಿನಂತೆ, ಮದುವೆ ಉಳಿದಿರುವಾಗ ಅಥವಾ ಮುರಿದ 280 ದಿನದೊಳಗೆ (ತಾಯಿ ಮರುಮದುವೆಯಾಗದಿದ್ದರೆ) ಹುಟ್ಟಿದ ಮಗು ಗಂಡನದೇ. ಇಬ್ಬರೂ ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸದೆ ಈ ಗೋಡೆ ದಾಟಲಾಗದು. 2025ರ ಜನವರಿಯಲ್ಲಿ ಇವಾನ್ ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಇಂಥ ಸಂದರ್ಭದಲ್ಲಿ ಮೂರನೆಯವನ ಮೇಲೆ ಅರ್ಜಿ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಮಗು ಯಾರ ಹತ್ತಿರ ಇರಬೇಕು? ಹಿಂದೂಗಳಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಪಾಲಕಿ, ಆಕೆಯ ನಂತರ ತಂದೆ. ‘ಐದು ವರ್ಷವಾದ ಮೇಲೆ ಮಗುವನ್ನು ಒಪ್ಪಿಸತಕ್ಕದ್ದು’ ಎಂಬ ಕರಾರು ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ, ಅಲ್ಲಿ ನೋಡುವುದು ಮಗುವಿನ ಹಿತವನ್ನು. 2015ರಲ್ಲಿ ದೆಹಲಿಯ ಒಬ್ಬ ಕ್ರಿಶ್ಚಿಯನ್ ತಾಯಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಆಕೆಗೆ ಬೇಕಿದ್ದದ್ದು ಉಳಿತಾಯಕ್ಕೂ ವಿಮೆಗೂ ಮಗನನ್ನು ನಾಮಿನಿ ಮಾಡುವುದು, ಇಷ್ಟೇ; ಅದಕ್ಕೆ ತಾನೇ ಮಗನ ಪಾಲಕಿ ಎಂಬ ಆದೇಶ ಕೇಳಿದ್ದಳು. ತಂದೆಯ ಹೆಸರು ಹೇಳದಿದ್ದರೆ ಆಗದೆಂದು ಕೆಳಗಿನ ಎರಡೂ ನ್ಯಾಯಾಲಯಗಳು ಕಳಿಸಿಬಿಟ್ಟಿದ್ದವು. ತಂದೆಯ ಹೆಸರು ಹೇಳಬೇಕಿಲ್ಲ, ಅವನಿಗೆ ನೋಟಿಸೂ ಬೇಕಿಲ್ಲ ಎಂದ ಸುಪ್ರೀಂ ಕೋರ್ಟು, ಒಂಟಿ ತಾಯಿ ಅಫಿಡವಿಟ್ ಕೊಟ್ಟರೆ ಜನನ ಪ್ರಮಾಣಪತ್ರ ಕೊಡಬೇಕೆಂದೂ ಹೇಳಿತು. ಆದ್ದರಿಂದ ಮಾನಕ್ಕೆ ಹೆದರಿ ಅಜ್ಜ ಅಜ್ಜಿಯನ್ನೇ ತಂದೆತಾಯಿ ಎಂದು ಬರೆಸಬೇಡಿ. ಗೊತ್ತಿದ್ದೂ ಸುಳ್ಳು ಮಾಹಿತಿ ಬರೆಸುವುದು ಅಪರಾಧ. ಜೊತೆಗೆ ಹೆತ್ತವಳಿಗೆ ನಾಳೆ ತಾನೇ ತಾಯಿ ಎಂದು ತೋರಿಸಲು ದಾಖಲೆ ಉಳಿಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ 21 ದಿನದೊಳಗೆ ನೋಂದಾಯಿಸಿ.

ಸಂಬಂಧ ನಡೆದಾಗ ಹುಡುಗಿಗೆ 18 ತುಂಬಿರದಿದ್ದರೆ ರಾಜಿ ಮಾತನ್ನೇ ಎತ್ತಬಾರದು. ಅದು ಪೋಕ್ಸೊ, ಎಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ಪ್ರಕರಣ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಹಿರಿಯರ ಮೇಲೂ ಬರುತ್ತದೆ.

ಜೀವನಾಂಶದ ಅರ್ಜಿಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಮ್ಯಾಜಿಸ್ಟ್ರೇಟರ ಮುಂದೆ ಹಾಕಬೇಕು. ಜೊತೆಗೇ ಮಧ್ಯಂತರ ಜೀವನಾಂಶ ಕೇಳಿ. ನೋಟಿಸ್ ಜಾರಿಯಾದ 60 ದಿನದೊಳಗೆ ಆದಷ್ಟೂ ಅದನ್ನು ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಸುಪ್ರೀಂ ಕೋರ್ಟಿನ 2020ರ ರಜನೀಶ್ ಪ್ರಕರಣದ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಆದೇಶವಾದರೂ ಕೊಡದಿದ್ದರೆ ಬಾಕಿಯಾದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ. ಈ ಗಡುವು ಮೀರಿ ಹಣ ಕಳೆದುಕೊಂಡ ತಾಯಂದಿರು ಬಹಳ. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಆ ಬಾಂಡ್ ಪೇಪರನ್ನು ಮರೆಯದೆ ತೆಗೆದುಕೊಂಡು ಹೋಗಿ.