ಗ್ರಾಫ್ ನೇರವಾಯಿತು, ಗಡಿಯಾರ ಸರಿಯಾಯಿತೇ?

ಪ್ರಶ್ನೆ: ಮೊಬೈಲ್ ಟವರಿನಿಂದ ಕಳಚಿದ, ಜಿಪಿಎಸ್ ನೋಡಿ ತನ್ನನ್ನು ತಿದ್ದಿಕೊಳ್ಳುತ್ತಾ ನಿಖರ 10 ಮೆಗಾಹರ್ಟ್ಸ್ ಕೊಡುವ ಹಳೆಯ ಟ್ರಿಂಬಲ್ ಥಂಡರ್‌ಬೋಲ್ಟ್ ಒಂದನ್ನು ಕೊಂಡಿದ್ದೇನೆ. ಟೈಮ್ ಕಾನ್‌ಸ್ಟಂಟ್ 100 ಸೆಕೆಂಡಿಗೆ ಇದೆ. 500 ಮಾಡಿ ಅನ್ನುವವರಿದ್ದಾರೆ, 1000 ಮಾಡಿ ಅನ್ನುವವರೂ ಇದ್ದಾರೆ. ಆದರೆ ಹೆಚ್ಚಿಸಿದಷ್ಟೂ ಪರದೆಯ ಮೇಲೆ ಪಿಪಿಎಸ್ ಗೆರೆ (ಡಬ್ಬಿಯ ಸೆಕೆಂಡಿಗೊಂದು ಮಿಡಿತಕ್ಕೂ ಜಿಪಿಎಸ್‌ಗೂ ಇರುವ ಅಂತರ) ಅಲೆದಾಡುತ್ತದೆ, ಕಡಿಮೆ ಮಾಡಿದರೆ ನೇರವಾಗುತ್ತದೆ. ಹಾಗಾದರೆ ಕಡಿಮೆಯೇ ಒಳ್ಳೆಯದಲ್ಲವೇ?

ಉತ್ತರ: ಅಲ್ಲ, ಬಹುಪಾಲು ಉಲ್ಟಾ. ನಿಮ್ಮ 10 ಮೆಗಾಹರ್ಟ್ಸ್ ಎಷ್ಟು ಸ್ಥಿರವಾಗಿದೆ ಎಂಬುದನ್ನು ಆ ಗೆರೆ ತೋರಿಸುವುದಿಲ್ಲ. ಜಿಪಿಎಸ್ ಹೇಳಿದ್ದನ್ನು ಆಸಿಲೇಟರ್ ಎಷ್ಟು ವಿಧೇಯವಾಗಿ ಕೇಳುತ್ತಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಜಿಪಿಎಸ್ ತಡವರಿಸಿದಾಗ ಆಸಿಲೇಟರೂ ಜೊತೆಯಲ್ಲೇ ತಡವರಿಸಿದರೆ ಇಬ್ಬರ ನಡುವಿನ ಅಂತರ ಸೊನ್ನೆ. ಗೆರೆ ನೇರ, ಔಟ್‌ಪುಟ್ ಹಾಳು. ತನ್ನ ಬೆನ್ನು ತನಗೆ ಕಾಣದು ಎಂಬ ಮಾತು ಈ ಡಬ್ಬಿಗೂ ಸಲ್ಲುತ್ತದೆ.

ಒಳಗಿರುವವರು ಇಬ್ಬರು. ಒಂದು, ಪುಟ್ಟ ಒಲೆಯೊಳಗೆ ಒಂದೇ ಶಾಖದಲ್ಲಿ ಕೂತ ಸ್ಫಟಿಕದ ಆಸಿಲೇಟರ್, ಅಂದರೆ ಓಸಿಎಕ್ಸ್‌ಓ. ಕೆಲವು ನಿಮಿಷಗಳ ಮಟ್ಟಿಗೆ ಅದು ಅಪ್ಪಟ ನಂಬಿಗಸ್ತ, ದಿನಗಟ್ಟಲೆ ಬಿಟ್ಟರೆ ಮೆಲ್ಲಗೆ ಜಾರುತ್ತದೆ. ಇನ್ನೊಂದು ಜಿಪಿಎಸ್. ಕ್ಷಣಕ್ಷಣಕ್ಕೆ ಅದು ಕೆಲವು ನ್ಯಾನೋಸೆಕೆಂಡ್ ಅತ್ತಿತ್ತ ಆಗುತ್ತದೆ, ಆದರೆ ದಿನದ ಲೆಕ್ಕದಲ್ಲಿ ಜಾರುವುದಿಲ್ಲ. ಎಷ್ಟು ಹೊತ್ತಿನವರೆಗೆ ಸ್ಫಟಿಕದ ಮಾತು, ಎಲ್ಲಿಂದಾಚೆ ಜಿಪಿಎಸ್ ಮಾತು ಎಂದು ತೀರ್ಮಾನಿಸುವುದೇ ಟೈಮ್ ಕಾನ್‌ಸ್ಟಂಟ್.

ಸ್ವಲ್ಪ ಲೆಕ್ಕ ಹಾಕೋಣ. ಜಿಪಿಎಸ್ ಅಲುಗಾಟ 10 ನ್ಯಾನೋಸೆಕೆಂಡ್ ಎಂದಿಟ್ಟುಕೊಳ್ಳಿ. 100 ಸೆಕೆಂಡಿನ ಮೇಲೆ ಅದನ್ನು ಹರಡಿದರೆ ಆವರ್ತನದಲ್ಲಿ ಸಾವಿರ ಕೋಟಿಗೆ ಒಂದು ಭಾಗದ ತಪ್ಪು. 1000 ಸೆಕೆಂಡಿನ ಮೇಲೆ ಹರಡಿದರೆ ಹತ್ತು ಸಾವಿರ ಕೋಟಿಗೆ ಒಂದು. ಒಳ್ಳೆಯ ಓಸಿಎಕ್ಸ್‌ಓ 100 ಸೆಕೆಂಡಿನ ಅವಧಿಯಲ್ಲಿ ತಾನಾಗಿಯೇ ಇದಕ್ಕಿಂತ ಎಷ್ಟೋ ಮೇಲು. ಅಂಥದ್ದನ್ನು 100ಕ್ಕೆ ಕಟ್ಟಿಹಾಕಿದರೆ ಚೆನ್ನಾಗಿರುವುದನ್ನು ಕೈಯಾರೆ ಕೆಡಿಸಿದಂತೆ. ಹಾಗಾದರೆ ಕಾರ್ಖಾನೆಯವರು 100 ಇಟ್ಟದ್ದೇಕೆ? ಟವರಿನ ಬುಡದ ಬಿಸಿಲು, ಗಾಳಿ, ಅಲುಗಾಟ ಎಲ್ಲದರಲ್ಲೂ ಲಾಕ್ (ಜಿಪಿಎಸ್ ಜೊತೆಗಿನ ಹಿಡಿತ) ತಪ್ಪಬಾರದು, ಅಲ್ಲಿ ಮೈಕ್ರೋಸೆಕೆಂಡಿನ ಲೆಕ್ಕ ಸಾಕು. ನಿಮ್ಮ ಮೇಜಿನ ಅಗತ್ಯವೇ ಬೇರೆ.

ಇನ್ನು 500, 1000 ಎಂಬ ಸಲಹೆಗಳು ಅವರವರ ಸ್ಫಟಿಕಕ್ಕೆ, ಅವರವರ ಕೋಣೆಗೆ ಸರಿಹೋದ ಅಂಕಿಗಳು. ನಿಮ್ಮ ಅಂಕಿಯನ್ನು ನೀವೇ ಹುಡುಕಬೇಕು, ಅದಕ್ಕೆ ಎರಡನೆಯ ಗಡಿಯಾರ ಇಲ್ಲದಿದ್ದರೂ ನಡೆಯುತ್ತದೆ. ಡಬ್ಬಿಯನ್ನು ಒಂದೆರಡು ವಾರ ಆರಿಸದೆ ಬಿಸಿಯಾಗಿಡಿ. ಆಮೇಲೆ ಲೇಡಿ ಹೀದರ್ ತಂತ್ರಾಂಶದಲ್ಲಿ ಡಿಸಿಪ್ಲಿನಿಂಗ್, ಅಂದರೆ ಜಿಪಿಎಸ್ ನೋಡಿ ಸ್ಫಟಿಕವನ್ನು ತಿದ್ದುವ ಕೆಲಸ, ನಿಲ್ಲಿಸಿ. ಸ್ಫಟಿಕದ ಆವರ್ತನವನ್ನು ತಿದ್ದುವ ಡ್ಯಾಕ್ ವೋಲ್ಟೇಜ್ ಇದ್ದಲ್ಲೇ ನಿಲ್ಲುತ್ತದೆ, ಸ್ಫಟಿಕ ತನ್ನಷ್ಟಕ್ಕೆ ಓಡುತ್ತದೆ. ಒಂದೆರಡು ದಿನ ಪಿಪಿಎಸ್ ಅಂತರವನ್ನು ದಾಖಲಿಸಿ, ಆ ಕಡತದಿಂದ ಅಲನ್ ಡೀವಿಯೇಶನ್ ಗೆರೆ ಬರೆಯಿಸಿ. ಡೇವಿಡ್ ಅಲನ್ 1966ರಲ್ಲಿ ಮುಂದಿಟ್ಟ ಅಳತೆ ಇದು: ಇಷ್ಟು ಹೊತ್ತಿನ ಅವಧಿಗೆ ಆವರ್ತನ ಎಷ್ಟು ಅಲುಗಿತು ಎಂದು ಹೇಳುತ್ತದೆ. ಗೆರೆ ಎಡಗಡೆ ಜಿಪಿಎಸ್ ಗದ್ದಲದಿಂದ ಶುರುವಾಗಿ ಇಳಿಯುತ್ತಾ ಬರುತ್ತದೆ, ಎಲ್ಲೋ ಒಂದು ಕಡೆ ತಳ ಮುಟ್ಟಿ, ಸ್ಫಟಿಕದ ಜಾರುವಿಕೆಯಿಂದ ಮತ್ತೆ ಏರುತ್ತದೆ. ಆ ತಳ 600 ಸೆಕೆಂಡಿನ ಬಳಿ ಸಿಕ್ಕರೆ 600ರಿಂದ ಆರಂಭಿಸಿ. ಲಾಕ್ ಆಗಿರುವಾಗ ಬರೆಸಿದ ಗೆರೆಯಿಂದ ಈ ತಳ ಸಿಗುವುದಿಲ್ಲ, ಅದು ಸ್ಫಟಿಕವನ್ನು ತಿದ್ದುತ್ತಿರುವ ಲೂಪಿನ ಕೈವಾಡ.

ಅದೇ ವೇಳೆಯಲ್ಲಿ ಡ್ಯಾಕ್ ಗೇನ್ (ಒಂದು ವೋಲ್ಟಿಗೆ ಆವರ್ತನ ಎಷ್ಟು ಸರಿಯುತ್ತದೆ ಎಂಬುದು) ಕೂಡ ಅಳೆದುಬಿಡಿ. ಅದು ತಪ್ಪಿದ್ದರೆ ನೀವು ಬರೆದ ಟೈಮ್ ಕಾನ್‌ಸ್ಟಂಟ್ ಒಂದು, ನಿಜವಾಗಿ ನಡೆಯುವುದು ಇನ್ನೊಂದು. ವೋಲ್ಟಿಗೆ 3.5 ಹರ್ಟ್ಸ್ ಗೇನ್ ಇರುವ ಸ್ಫಟಿಕಕ್ಕೆ 10 ಮಿಲಿವೋಲ್ಟ್ ಬದಲಾಯಿಸಿದರೆ ಪಿಪಿಎಸ್ ಸೆಕೆಂಡಿಗೆ 3.5 ನ್ಯಾನೋಸೆಕೆಂಡಿನಂತೆ ಸರಿಯಬೇಕು, 100 ಸೆಕೆಂಡಿಗೆ 350. ಡ್ಯಾಂಪಿಂಗ್ (ತಿದ್ದುವಾಗ ಆಚೀಚೆ ತೂಗಾಡದಂತೆ ತಡೆಯುವ ಸೆಟ್ಟಿಂಗ್) 1.2 ಇರುತ್ತದೆ, ಸದ್ಯಕ್ಕೆ ಮುಟ್ಟಬೇಡಿ.

ಟೈಮ್ ಕಾನ್‌ಸ್ಟಂಟ್ ಏರಿಸಿದ ಮೇಲೆ ಮುಖ್ಯ ಶತ್ರು ಶಾಖದ ಏರಿಳಿತ. ಫ್ಯಾನ್ ಹಾಕಿದ್ದಕ್ಕೆ ಆವರ್ತನ ಸಾವಿರ ಕೋಟಿಗೆ ಒಂದು ಭಾಗ ಸರಿದರೂ ಸಾಕು, 1000 ಸೆಕೆಂಡಿನಲ್ಲಿ 100 ನ್ಯಾನೋಸೆಕೆಂಡ್ ಕೂಡಿಕೊಳ್ಳುತ್ತದೆ. ಡಬ್ಬಿಯ ಮೇಲೊಂದು ರಟ್ಟಿನ ಪೆಟ್ಟಿಗೆ ಮುಚ್ಚುವುದು ಎಷ್ಟೋ ದುಬಾರಿ ಉಪಾಯಗಳಿಗಿಂತ ಮೇಲು (ಪೂರ್ತಿ ಬಿಗಿಯಾಗಿ ಅಲ್ಲ, ಒಳಗೆ ಕುದಿಯಬಾರದು). ನಮ್ಮ ಕಡೆ ಕರೆಂಟು ಹೋಗುವುದು ಬೇರೆ ಇದೆ. ತಣ್ಣಗಾದ ಸ್ಫಟಿಕ ಮತ್ತೆ ಹದಕ್ಕೆ ಬರಲು ದಿನಗಳೇ ಬೇಕು, ಹಾಗಾಗಿ ಮೊದಲು ಯುಪಿಎಸ್, ಆಮೇಲೆ ಟ್ಯೂನಿಂಗ್.

ಆಂಟೆನಾ ತಾರಸಿಯ ಮೇಲಿರಲಿ, ನೀರಿನ ಟ್ಯಾಂಕಿಗೂ ತಗಡಿನ ಶೀಟಿಗೂ ದೂರವಾಗಿ. 48 ಗಂಟೆಗಳ ಸರ್ವೇ ನಡೆಸಿ ಆಂಟೆನಾದ ಸ್ಥಾನವನ್ನು ಗಟ್ಟಿಮಾಡಿ. ಎತ್ತರದಲ್ಲಿ ಒಂದು ಮೀಟರ್ ತಪ್ಪಿದರೆ ಸಮಯದಲ್ಲಿ ಸುಮಾರು 3 ನ್ಯಾನೋಸೆಕೆಂಡ್ ತಪ್ಪುತ್ತದೆ. ಗೆರೆಯಲ್ಲಿ ದಿನಾ ಒಂದೇ ಬಗೆಯ ಉಬ್ಬು ಕಂಡರೆ ಅದರ ವೇಳೆ ಬರೆದಿಡಿ. ಆಕಾಶದಲ್ಲಿ ಉಪಗ್ರಹಗಳ ಜೋಡಣೆ 23 ಗಂಟೆ 56 ನಿಮಿಷಕ್ಕೊಮ್ಮೆ ಮರುಕಳಿಸುತ್ತದೆ. ಆದ್ದರಿಂದ ಉಬ್ಬು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಿದ್ದರೆ ಆಂಟೆನಾ ಬಳಿ ಏನೋ ಪ್ರತಿಫಲಿಸುತ್ತಿದೆ. ದಿನಾ ಅದೇ ಗಂಟೆಗೆ ಬಂದರೆ ಕೋಣೆಯ ಶಾಖವನ್ನು ಅನುಮಾನಿಸಿ, ಇಲ್ಲವೇ ಅಯಾನುಗೋಳವನ್ನು. ಕರ್ನಾಟಕ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲವು ರಾತ್ರಿ ಅಯಾನುಗೋಳದಿಂದಾಗಿ ಉಪಗ್ರಹಗಳ ಸಂಕೇತಗಳು ಮಿನುಗುತ್ತವೆ, ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳಲ್ಲಿ ಇನ್ನೂ ಹೆಚ್ಚು. ಅದಕ್ಕೆ ಈ ಡಬ್ಬಿಯಲ್ಲಿ ಮದ್ದಿಲ್ಲ. ಅಂಥ ರಾತ್ರಿಯ ದಾಖಲೆ ನೋಡಿ ಸೆಟ್ಟಿಂಗ್ ಬದಲಿಸಬೇಡಿ.

ಕೊನೆಗೆ, ಥಂಡರ್‌ಬೋಲ್ಟ್ ಕೊಂಡವರೆಲ್ಲ ಬೆನ್ನಿಗೇ ಕೇಳುವ ಇನ್ನೊಂದು ಪ್ರಶ್ನೆ: ತಾರೀಖು ಇಪ್ಪತ್ತು ವರ್ಷ ಹಿಂದಿನದು ತೋರಿಸುತ್ತದಲ್ಲ? 2017ರ ಜುಲೈ 30ರಿಂದ ಅದು ಹಾಗೆಯೇ. ಜಿಪಿಎಸ್ ತಾರೀಖಿನ 1024 ವಾರಗಳ ಎಣಿಕೆ ಸುತ್ತು ಹಾಕಿ ಬಂದಿದೆ. ಲೇಡಿ ಹೀದರ್ ತಾರೀಖನ್ನು ತಿದ್ದಿ ತೋರಿಸುತ್ತದೆ, 10 ಮೆಗಾಹರ್ಟ್ಸ್‌ಗೆ ಅದರಿಂದ ಏನೂ ಆಗುವುದಿಲ್ಲ.